ನೋವು ನಿಂತ ಹಲ್ಲು

ಕೆಟ್ಟ ಹಲ್ಲನ್ನು ನಾವು ‘ಹುಳುಕು ಹಲ್ಲು’ ಎನ್ನುತ್ತೇವೆ. ಆ ಮಾತಿನೊಳಗೇ ಒಂದು ಹುಳು ಅಡಗಿ ಕುಳಿತಿದೆ. ಈ ಹುಳು ನಮ್ಮ ನಾಡಿನದು ಮಾತ್ರವಲ್ಲ. ಹಲ್ಲಿಗೂ ಒಸಡಿಗೂ ನಡುವೆ ತನಗೊಂದು ಮನೆ ಕೊಡೆಂದು ಹುಳುವೊಂದು ದೇವರನ್ನು ಬೇಡಿಕೊಂಡ ಮಂತ್ರ ಪ್ರಾಚೀನ ಮೆಸೊಪೊಟೇಮಿಯಾದ ಮಣ್ಣಿನ ಫಲಕದಲ್ಲಿದೆ. ನಮ್ಮಲ್ಲಿ ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಬಾಯಿಗೆ ಹೊಗೆ ಹಿಡಿಸಿ, ‘ನೋಡಿ, ಹುಳು ಉದುರಿತು’ ಎಂದು ತೋರಿಸುವ ಪದ್ಧತಿಯಿತ್ತು. ಯೂರೋಪಿನಲ್ಲಿ ಇದೇ ಕೆಲಸಕ್ಕೆ ಬದನೆಯ ಕುಟುಂಬಕ್ಕೇ ಸೇರಿದ ಹೆನ್‌ಬೇನ್ ಗಿಡದ ಬೀಜ ಬಳಕೆಯಲ್ಲಿತ್ತು. ಈ ಜಾತಿಯ ಬೀಜಗಳೊಳಗಿನ ಭ್ರೂಣ ಬಿಳಿಯಾಗಿ, ಬಾಗಿಕೊಂಡು ಇರುವುದರಿಂದ, ಬಿಸಿಗೆ ಒಡೆದ ಬೀಜದಿಂದ ಹೊರಬಿದ್ದದ್ದನ್ನು ಹುಳುವೆಂದು ನಂಬಿಸುವುದು ಕಷ್ಟವಾಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳು ಕಾಣಲಿಲ್ಲವೆಂದು ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ 1728ರಲ್ಲೇ ಬರೆದ. ಬಾಯಿಯ ಬ್ಯಾಕ್ಟೀರಿಯಾಗಳು ಹಿಟ್ಟು, ಸಕ್ಕರೆಗಳನ್ನು ಹುದುಗಿಸಿ ಹುಟ್ಟಿಸುವ ಆಮ್ಲವೇ ಹಲ್ಲನ್ನು ಕರಗಿಸುತ್ತದೆಂದು ಅಮೆರಿಕದ ದಂತವೈದ್ಯ ಡಬ್ಲ್ಯೂ. ಡಿ. ಮಿಲ್ಲರ್ 1890ರಲ್ಲಿ ವಿವರಿಸಿದ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿಯೇರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಳುವಿನ ಕಥೆ ಸುಳ್ಳೆಂಬುದಕ್ಕಿಂತ ಅದು ಕಲಿಸಿದ ಪಾಠ ನನ್ನನ್ನು ಹೆಚ್ಚು ಕಾಡುತ್ತದೆ: ನೋವು ನಿಂತಿತೆಂದರೆ ಹುಳು ಬಿತ್ತು, ಹಲ್ಲು ವಾಸಿಯಾಯಿತು ಎಂಬ ಪಾಠ. ಹುಳುವನ್ನು ನಂಬದ ವಿದ್ಯಾವಂತರೂ ಈ ಪಾಠವನ್ನು ಬಿಟ್ಟಿಲ್ಲ.

ಹಲ್ಲು ನೋಯುವ ಬಗೆಯೇ ವಿಚಿತ್ರ. ಹೊರಗಿನ ಗಟ್ಟಿ ಪದರವಾದ ಎನಾಮೆಲ್‌ಗೆ ನರವಿಲ್ಲ. ಅದರ ಕೆಳಗಿನ ಡೆಂಟಿನ್ ಪದರದ ತುಂಬ ಸೂಕ್ಷ್ಮ ಕೊಳವೆಗಳಿದ್ದು, ನರ, ರಕ್ತನಾಳಗಳಿರುವ ಒಳಗಿನ ತಿರುಳಿನ ಸಮೀಪದಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 45,000ದಷ್ಟು ಇರುತ್ತವೆ. ಪ್ರತಿಯೊಂದರಲ್ಲೂ ದ್ರವ ತುಂಬಿರುತ್ತದೆ. ಈ ದ್ರವ ಅಲುಗಿದಾಗ ಕೊಳವೆಯ ಒಳತುದಿಯ ನರ ಚುಚ್ಚಿದಂತಾಗುತ್ತದೆ ಎಂಬುದನ್ನು ಸ್ವೀಡನ್ನಿನ ದಂತವಿಜ್ಞಾನಿ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದ. ಎಳನೀರಿನ ಸ್ಟ್ರಾವನ್ನು ಮೇಲಿನಿಂದ ಹೀರಿದರೆ ಕೆಳಗಿನ ನೀರು ಕದಲುವ ಹಾಗೆ, ಎನಾಮೆಲ್ ಸವೆದು ಬಾಯ್ದೆರೆದ ಕೊಳವೆಗೆ ತಣ್ಣೀರು ತಗುಲಿದರೆ ಒಳಗಿನ ದ್ರವ ಹೊರಕ್ಕೆ ಜಗ್ಗುತ್ತದೆ. ಸಿಹಿ ತಿಂದಾಗ ಹಲ್ಲು ಜುಮ್ಮೆನ್ನುವುದೂ ಇದೇ ಕಾರಣಕ್ಕೆ: ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿದಾಗ ಅದು ನೀರು ಬಿಡುವಂತೆ, ಗಟ್ಟಿ ಸಕ್ಕರೆಪಾಕವೂ ಕೊಳವೆಯ ನೀರನ್ನು ಸೆಳೆದುಕೊಳ್ಳುತ್ತದೆ. ಗಾಂಧಿಬಜಾರಿನ ಹೋಟೆಲೊಂದರಲ್ಲಿ ಜಾಮೂನು ತಿಂದು, ತಣ್ಣೀರು ಕುಡಿದು, ಕೆನ್ನೆ ಹಿಡಿದುಕೊಂಡವರು ಒಂದೇ ಪ್ರಯೋಗವನ್ನು ಎರಡು ಸಲ ಮಾಡಿದ್ದಾರೆ.

ಆ ಜುಮ್ಮು ಕೆಲವೇ ಕ್ಷಣಗಳಲ್ಲಿ ಅಡಗಿದರೆ ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲದು, ಸಾಮಾನ್ಯವಾಗಿ ಒಂದು ಫಿಲ್ಲಿಂಗ್‌ನಲ್ಲಿ ಕೆಲಸ ಮುಗಿಯುತ್ತದೆ. ಬಿಸಿ ಕಾಫಿ ಗುಟುಕರಿಸಿದ ಮೇಲೆ ನೋವು ನಿಮಿಷಗಟ್ಟಲೆ ಉಳಿದರೆ, ಅಥವಾ ಏನೂ ತಗುಲದೆ ತಾನಾಗಿ ಎದ್ದು ನಿದ್ದೆ ಕೆಡಿಸಿದರೆ, ತಿರುಳು ಉರಿಯೂತದಲ್ಲಿದೆ. ಉಳುಕಿದ ಕಾಲು ಬಾತುಕೊಳ್ಳಲು ಜಾಗವಿದೆ. ಸುತ್ತಲೂ ಗಟ್ಟಿ ಗೋಡೆಯಿರುವ ತಿರುಳಿಗೆ ಇಲ್ಲ. ವೆಯ್ಟ್ ಕಟ್ಟಿಕೊಂಡ ಕುಕ್ಕರಿನಂತೆ ಒಳಗೆ ಒತ್ತಡ ಏರುತ್ತದೆ, ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ಇನ್ನಷ್ಟು ಸಿಡಿಯುತ್ತದೆ. ಲವಂಗದ ಎಣ್ಣೆಯ ಯೂಜಿನಾಲ್ ನರವನ್ನು ಮರಗಟ್ಟಿಸುತ್ತದೆ, ನಿಜ. ಒಳಗಿನ ಸೋಂಕು ಮಾತ್ರ ಇದ್ದಲ್ಲೇ ಇರುತ್ತದೆ.

ಬಳಿಕ ಒಂದು ದಿನ ನೋವು ತಟ್ಟನೆ ನಿಲ್ಲುತ್ತದೆ. ಬೊಗಳುತ್ತಿದ್ದ ಕಾವಲುನಾಯಿ ಸುಮ್ಮನಾದರೆ ಕಳ್ಳ ಹೋದನೆಂದೇ ಅರ್ಥವಲ್ಲ, ನಾಯಿಯೇ ಸತ್ತಿರಬಹುದು. ಸತ್ತ ತಿರುಳಿನ ಹಲ್ಲು ಕ್ರಮೇಣ ಬೂದು ಬಣ್ಣಕ್ಕೆ ತಿರುಗಬಹುದು, ಆದರೆ ನೋಟಕ್ಕೆ ಹಲವು ವೇಳೆ ಗಟ್ಟಿಯಾಗಿಯೇ ಕಾಣುತ್ತದೆ. ಮೇ ತಿಂಗಳ ಮಳೆಗೆ ಬೆಂಗಳೂರಿನ ರಸ್ತೆಗಳಲ್ಲಿ ಉರುಳುವ ಮರಗಳನ್ನು ನೋಡಿ: ಹಿಂದಿನ ದಿನದವರೆಗೆ ಹಸಿರು ಹೊತ್ತು ನಿಂತಿದ್ದರ ಕಾಂಡದೊಳಗೆ ಬರೀ ಪೊಳ್ಳು. ನನ್ನದೇ ದವಡೆಯ ಹಲ್ಲೊಂದು ನೋವು ನಿಲ್ಲಿಸಿದಾಗ ನಾನು ನಾಲ್ಕು ತಿಂಗಳು ಹಿಗ್ಗಿಕೊಂಡಿದ್ದು, ಕಡೆಗೆ ಅದು ಕೋಡುಬಳೆ ಕಡಿಯುವಾಗ ಸೀಳಿದಾಗ ಬೈದದ್ದು ಕೋಡುಬಳೆಯನ್ನು.

ಮುಂದಿನ ಸೂಚನೆ ಬೇರಿನ ಕಡೆಯಿಂದ ಬರುತ್ತದೆ. ಹಲ್ಲು ಮೂಳೆಗೆ ಹೊಡೆದ ಮೊಳೆಯಲ್ಲ. ನಾರಿನಂಥ ತಂತುಗಳು ಅದನ್ನು ಹಿಡಿದಿರುತ್ತವೆ, ಒತ್ತಡ ಎಲ್ಲಿ ಬಿತ್ತೆಂದು ನಿಖರವಾಗಿ ಅರಿಯುವ ಶಕ್ತಿ ಅವುಗಳಿಗಿದೆ. ಆದುದರಿಂದಲೇ ಮೊದಲು ‘ಈ ಕಡೆ ಎಲ್ಲೋ’ ಎನ್ನುತ್ತಿದ್ದವರು ಈಗ ಇದೇ ಹಲ್ಲೆಂದು ಬೆರಳಿಟ್ಟು ತೋರಿಸುತ್ತಾರೆ, ಅದು ತುಸು ಎತ್ತರವಾದಂತಿದೆ ಎನ್ನುತ್ತಾರೆ. ಒಸಡಿನ ಮೇಲೆ ಮೊಡವೆಯಂತೆ ಗುಳ್ಳೆಯೆದ್ದು, ಒಡೆದು, ಮತ್ತೆ ತುಂಬಿಕೊಳ್ಳುತ್ತಿದ್ದರೆ ಅದು ಬೇರಿನ ತುದಿಯ ಕೀವು ಕೊರೆದುಕೊಂಡ ದಾರಿ. ದಾರಿ ಸಿಕ್ಕಿದ್ದರಿಂದಲೇ ನೋವಿರುವುದಿಲ್ಲ.

ನೋವಿಲ್ಲದ ಇನ್ನೂ ಕೆಲವು ಗುರುತುಗಳಿವೆ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಮಂಕು ಬಿಳಿ ಮಚ್ಚೆ ಹುಳುಕಿನ ಮೊದಲ ಹೆಜ್ಜೆಯಾಗಿರಬಹುದು, ಕುಳಿ ಬೀಳುವ ಮೊದಲಾದರೆ ಫ್ಲೋರೈಡ್ ಅದನ್ನು ತಡೆಯಬಲ್ಲದು. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ಅತಿ ಫ್ಲೋರೈಡಿನಿಂದ ಹಲವು ಹಲ್ಲುಗಳ ಮೇಲೆ ಒಟ್ಟಿಗೆ ಮೂಡುವ ಕಂದು ಕಲೆ ಬೇರೆಯೇ ಕಥೆ, ಅದು ಹುಳುಕಲ್ಲ. ಉಜ್ಜುವಾಗ ಒಸಡಿನಿಂದ ರಕ್ತ ಬಂದರೆ ಅನೇಕರು ಉಜ್ಜುವುದನ್ನೇ ಬಿಡುತ್ತಾರೆ. ಬಿಟ್ಟಷ್ಟೂ ಪಾಚಿ ಕಟ್ಟಿ ರಕ್ತ ಹೆಚ್ಚುತ್ತದೆ. ದೊಡ್ಡವರ ಹಲ್ಲು ಅಲುಗಾಡತೊಡಗಿದರೆ ವಯಸ್ಸಿನ ಮೇಲೆ ಹೊರಿಸುವ ಮೊದಲು ಒಸಡನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಬೇಕು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಮಾತನ್ನು ನಾನು ಬಸವನಗುಡಿಯಲ್ಲೂ ಕೇಳಿದ್ದೇನೆ; ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ.

ದವಡೆಯ ಕೆಳಗೆ ಬಾವು ಹರಡಿ, ಜ್ವರ ಬಂದು, ಬಾಯಿ ತೆರೆಯಲಾಗದೆ, ನುಂಗಲು ಅಥವಾ ಉಸಿರಾಡಲು ತೊಡಕಾದರೆ, ಕೀವು ನಾಲಿಗೆಯ ಬುಡದ ಕಡೆಗೆ ಸರಿದಿರಬಹುದು. ಅಂಥವರು ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.