ಇಳಿಯುವ ಕಾಲಿನ ಲೆಕ್ಕ

ತುಮಕೂರಿನಲ್ಲಿ ಮಂಜುಗಡ್ಡೆಯ ಅಂಗಳವಿಲ್ಲ. ಆದರೂ ಬಿ.ಎಚ್. ರಸ್ತೆಯಿಂದ ತುಸು ಒಳಗಿರುವ ನನ್ನ ಫಿಸಿಯೋಥೆರಪಿ ಚಿಕಿತ್ಸಾಲಯಕ್ಕೆ ಮಂಜುಗಡ್ಡೆಯ ಮೇಲೆ ಜಿಗಿಯುತ್ತ, ಸುತ್ತುತ್ತ ಜಾರುವ ಫಿಗರ್ ಸ್ಕೇಟಿಂಗ್‌ನ ಕನಸು ಹೊತ್ತ ಮಕ್ಕಳು ಬರುತ್ತಾರೆ. ಅವರೆಲ್ಲ ಚಕ್ರದ ಸ್ಕೇಟು ಕಟ್ಟಿಕೊಂಡು ಸಿಮೆಂಟು ನೆಲದ ಮೇಲೆ ಕಲಿಯುವವರು. ರೋಲರ್ ಕ್ರೀಡೆಯಲ್ಲಿ ಇದಕ್ಕೆ ಆರ್ಟಿಸ್ಟಿಕ್ ಸ್ಕೇಟಿಂಗ್ ಎಂಬ ಹೆಸರಿದೆ; ಟೋ ಲೂಪ್, ಸಾಲ್ಕೋ, ಫ್ಲಿಪ್, ಲುಟ್ಜ್, ಆಕ್ಸೆಲ್ ಎಂಬ ಜಿಗಿತಗಳು ಎರಡೂ ಕಡೆ ಇವೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಅನೂಪ್ ಕುಮಾರ್ ಯಾಮಾ ಈ ವಿಭಾಗದಲ್ಲಿ, ಒಂದು ಏಕವ್ಯಕ್ತಿ ಸ್ಪರ್ಧೆಯಲ್ಲಿ ಮತ್ತು ಇನ್ನೊಂದು ಅವನಿ ಪಾಂಚಾಲ್ ಅವರ ಜೋಡಿಯಾಗಿ, ಎರಡು ಕಂಚು ಗೆದ್ದರು. ಆದ್ದರಿಂದ ಇದು ನಮ್ಮ ಮಕ್ಕಳಿಗೆ ನಿಲುಕದ ವಿದ್ಯೆಯೇನೂ ಅಲ್ಲ.

ಈಚೆಗೆ 12 ವರ್ಷದ ಒಬ್ಬ ಹುಡುಗಿಯನ್ನು ಅವಳ ತಾಯಿ ಕರೆದುಕೊಂಡು ಬಂದರು. ಮಂಡಿ ನೋವು ಎಂದಷ್ಟೇ ದೂರು. ಬರಿಗಾಲಲ್ಲಿ ನಿಲ್ಲಿಸಿ, ಬಲಮಂಡಿಯ ಚಿಪ್ಪಿನಿಂದ ಮೂರು ಬೆರಳು ಕೆಳಗೆ, ಮೊಳಕಾಲ ಮೂಳೆ ಸಣ್ಣಗೆ ಉಬ್ಬಿಕೊಂಡಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದೆ. ಅವಳು ಉಸಿರು ಎಳೆದುಕೊಂಡು ಕಾಲನ್ನು ಹಿಂದಕ್ಕೆ ಸೆಳೆದಳು. ಎಡಗಾಲಿನ ಅದೇ ಜಾಗದಲ್ಲಿ ನೋವಿರಲಿಲ್ಲ. ಅವಳು ಗಾಳಿಯಲ್ಲಿ ಎಡಕ್ಕೆ ತಿರುಗುವವಳು; ಹಾಗೆ ತಿರುಗುವವರು ಮೇಲೆ ಹೇಳಿದ ಯಾವ ಜಿಗಿತ ಹಾರಿದರೂ ಇಳಿಯುವುದು ಹಿಮ್ಮುಖವಾಗಿ, ಬಲಗಾಲೊಂದರ ಮೇಲೆ. ಆ ವರ್ಷ ಅವಳು ಬೇಗ ಬೇಗ ಎತ್ತರವಾಗಿದ್ದಳು. ಮೂಳೆ ಉದ್ದವಾಗುವ ವೇಗಕ್ಕೆ ತೊಡೆಯ ಸ್ನಾಯು ಹೊಂದಿಕೊಳ್ಳದೆ, ಇನ್ನೂ ಎಳೆಯದಾದ ಮೂಳೆಯ ಅಂಚನ್ನು ಪ್ರತಿ ಇಳಿತದಲ್ಲೂ ಜಗ್ಗುತ್ತದೆ. ವೈದ್ಯರು ಇದನ್ನು ಆಸ್‌ಗುಡ್ ಶ್ಲ್ಯಾಟರ್ ಎನ್ನುತ್ತಾರೆ. ಭಯಪಡುವ ಕಾಯಿಲೆಯಲ್ಲ, ಆದರೆ ಕಡೆಗಣಿಸುವಂಥದ್ದೂ ಅಲ್ಲ.

ದಿನಕ್ಕೆ ಎಷ್ಟು ಜಿಗಿತ ಎಂದು ಕೇಳಿದೆ. ಸುಮಾರು 60, ವಾರಕ್ಕೆ ಆರು ದಿನ. ವರ್ಷದಲ್ಲಿ 50 ವಾರ ಎಂದಿಟ್ಟುಕೊಂಡರೆ 18,000 ಇಳಿತಗಳು, ಎಲ್ಲವೂ ಒಂದೇ ಕಾಲಿನ ಮೇಲೆ. ದೊಡ್ಡ ಜಿಗಿತದಿಂದ ಇಳಿಯುವ ಕ್ಷಣದಲ್ಲಿ ದೇಹದ ತೂಕದ ಐದು ಪಟ್ಟು ಅಥವಾ ಅದಕ್ಕೂ ಮಿಗಿಲಾದ ಭಾರ ಕಾಲಿನ ಮೇಲೆ ಬೀಳುತ್ತದೆ. 38 ಕಿಲೋ ತೂಗುವ ಹುಡುಗಿಗೆ ಅದು 190 ಕಿಲೋ. ಬರಿಗಾಲಲ್ಲಿ ಹಾರಿದರೆ ಕಣಕಾಲು ಬಾಗಿ ಆ ಪೆಟ್ಟಿನ ಒಂದು ಪಾಲನ್ನು ನುಂಗಿಕೊಳ್ಳುತ್ತದೆ. ಸ್ಕೇಟಿನ ಗಡಸು ಬೂಟು ಕಣಕಾಲನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದು ಮಂಡಿಗೆ, ಸೊಂಟದ ಕೀಲಿಗೆ, ಕೆಳಬೆನ್ನಿಗೆ ಏರುತ್ತದೆ. ಪಾದದ ಮೂಳೆಗಳಲ್ಲಿ ಮತ್ತು ಕೆಳಬೆನ್ನಿನ ಕಶೇರುಗಳಲ್ಲಿ ಕೂದಲೆಳೆಯ ಬಿರುಕು ಮೂಡುವುದು ಈ ಕ್ರೀಡೆಯಲ್ಲಿ ಅಪರೂಪವಲ್ಲ.

ಇಷ್ಟಾದರೂ ಅವಸರವೇಕೆ? ಕಾರಣ ಭೌತಶಾಸ್ತ್ರದಲ್ಲಿದೆ, ಅದನ್ನು ತರಬೇತುದಾರರೂ ಚೆನ್ನಾಗಿ ಬಲ್ಲರು. ಸ್ಕೇಟರ್ ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಮೂರೋ ನಾಲ್ಕೋ ಸುತ್ತು ಮುಗಿಯಬೇಕಾದರೆ ಕೈಗಳನ್ನು ಎದೆಗೆ ಒತ್ತಿ ಮೈಯನ್ನು ಕಡ್ಡಿಯಂತೆ ಮಾಡಿಕೊಳ್ಳಬೇಕು. ಚಿಕ್ಕ, ಸಪೂರ ದೇಹ ಸಲೀಸಾಗಿ ತಿರುಗುತ್ತದೆ; ಎತ್ತರವೂ ಸೊಂಟದ ಅಗಲವೂ ಹೆಚ್ಚಿದಂತೆ ಅದೇ ಜಿಗಿತ ಕಠಿಣವಾಗುತ್ತದೆ. ಮುಮ್ಮುಖವಾಗಿ ನೆಗೆಯುವ ಆಕ್ಸೆಲ್‌ನಲ್ಲಂತೂ ಅರ್ಧ ಸುತ್ತು ಹೆಚ್ಚೇ ಬೇಕು. ಹಾಗಾಗಿ ಮೈ ಬೆಳೆಯುವ ಮುಂಚೆಯೇ ಎಲ್ಲವನ್ನೂ ಕಲಿಸಿಬಿಡುವ ಆತುರ ಹುಟ್ಟುತ್ತದೆ. ಬೆಳೆಯುವ ಪೈರನ್ನು ಮೊಳಕೆಯಲ್ಲಿಯೇ ನೋಡು ಎಂದು ಪೋಷಕರು ನನಗೆ ಹೇಳುವುದುಂಟು. ಮೊಳಕೆಯನ್ನು ನೋಡಬೇಕು ನಿಜ, ಆದರೆ ಅದರಿಂದಲೇ ಕಾಳು ಕೇಳುವುದನ್ನು ನಾನು ಒಪ್ಪಲಾರೆ.

ಈ ಆತುರದ ಬೆಲೆಯನ್ನು ಅಂಗಳದ ಮೇಲಿನ ದೊಡ್ಡ ಹೆಸರುಗಳೇ ತೆತ್ತಿವೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ 15ನೇ ವಯಸ್ಸಿಗೆ ಚಿನ್ನ ಗೆದ್ದ ಅಮೆರಿಕದ ತಾರಾ ಲಿಪಿನ್ಸ್ಕಿ, 18 ತುಂಬಿದ ವರ್ಷ ಸೊಂಟದ ಶಸ್ತ್ರಚಿಕಿತ್ಸೆಗೆ ಒಳಗಾದರು. 2014ರಲ್ಲಿ ಸೋಚಿಯಲ್ಲಿ 15 ವರ್ಷದವಳಾಗಿ ರಷ್ಯಾದ ತಂಡದೊಂದಿಗೆ ಚಿನ್ನ ಗೆದ್ದ ಯೂಲಿಯಾ ಲಿಪ್ನಿಟ್ಸ್ಕಾಯಾ, ಅನೊರೆಕ್ಸಿಯಾ ಎಂಬ ಆಹಾರ ಸಂಬಂಧಿ ಕಾಯಿಲೆಯಿಂದ ಬಳಲಿ 2017ರಲ್ಲಿ, 19ನೇ ವಯಸ್ಸಿಗೇ ನಿವೃತ್ತಿ ಘೋಷಿಸಿದರು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2022ರಲ್ಲಿ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು. ನನ್ನ ವೃತ್ತಿಯವರಿಗೆ ಇದು ಬಹಳ ತಡವಾಗಿ ಬಂದ ಒಳ್ಳೆಯ ಸುದ್ದಿ. 12ರ ಮಗುವಿಗೆ ಇನ್ನೂ ಐದು ವರ್ಷ ಕಾಲಾವಕಾಶವಿದೆ ಎಂದು ನಾನೀಗ ಧೈರ್ಯವಾಗಿ ಹೇಳಬಲ್ಲೆ.

ಇನ್ನೊಂದು ಉದಾಹರಣೆಯನ್ನು ಪ್ರತಿ ತಾಯಿಗೂ ಹೇಳುತ್ತೇನೆ. ಡಿಯಾನಾ ಸ್ಟೆಲ್ಲಾಟೊ ಡ್ಯೂಡೆಕ್ 2000ದಲ್ಲಿ ವಿಶ್ವ ಕಿರಿಯರ ಬೆಳ್ಳಿ ಗೆದ್ದು, ಸೊಂಟದ ಗಾಯಗಳಿಂದಾಗಿ ಹದಿಹರೆಯದಲ್ಲೇ ಆಟ ಬಿಟ್ಟವರು. ಸುಮಾರು 15 ವರ್ಷಗಳ ನಂತರ ಜೋಡಿ ಸ್ಕೇಟಿಂಗ್‌ಗೆ ಮರಳಿ, 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಮ್ಯಾಕ್ಸಿಮ್ ಡೆಶಾಂಪ್ ಜೊತೆ ಕೆನಡಾಕ್ಕಾಗಿ ವಿಶ್ವ ಪ್ರಶಸ್ತಿ ಗೆದ್ದಾಗ ಅವರಿಗೆ 40 ವರ್ಷ. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುವುದಿಲ್ಲ. ಬಹುತೇಕರ ಸ್ಪರ್ಧಾ ಜೀವನ ಇಪ್ಪತ್ತರ ಹರೆಯದಲ್ಲೇ ಮುಗಿದು, ಮುಂದೆ ತರಬೇತುದಾರರಾಗಿಯೋ ನೃತ್ಯ ಸಂಯೋಜಕರಾಗಿಯೋ ತೀರ್ಪುಗಾರರಾಗಿಯೋ ಸಾಗುತ್ತದೆ. ಆ ಕೆಲಸಗಳಿಗೂ ನೋವಿಲ್ಲದೆ ಬಾಗುವ ಮಂಡಿ ಬೇಕು.

ಹುಡುಗಿಗೆ ಪೂರ್ತಿ ವಿಶ್ರಾಂತಿ ಹೇಳಲಿಲ್ಲ. ಜಿಗಿತಗಳನ್ನು ದಿನಕ್ಕೆ 20ಕ್ಕೆ ಇಳಿಸಿ, ವಾರದಲ್ಲಿ ಮೂರು ದಿನಕ್ಕೆ ಸೀಮಿತಗೊಳಿಸಿದೆ. ಉಳಿದ ದಿನಗಳಲ್ಲಿ ಅಂಚಿನ ಮೇಲೆ, ಅಂದರೆ ಸ್ಕೇಟನ್ನು ಒಂದು ಬದಿಗೆ ವಾಲಿಸಿ, ಜಾರುವ ಅಭ್ಯಾಸ, ನಿಂತಲ್ಲೇ ಸುತ್ತುವ ಸ್ಪಿನ್, ಮೆಟ್ಟಿಲ ಮೇಲೆ ಒಂಟಿಗಾಲಿನಲ್ಲಿ ನಿಧಾನವಾಗಿ ಇಳಿಯುವ ವ್ಯಾಯಾಮ. ಅಂಚಿನ ಅಭ್ಯಾಸವೆಂದರೆ ಕಲಿಕೆಯಲ್ಲಿ ಹಿಂದೆ ಬೀಳುವುದೆಂದು ಯಾರೂ ತಿಳಿಯಬಾರದು, ಜಿಗಿತದ ಬೇರು ಇರುವುದೇ ಅಲ್ಲಿ. ಊಟದ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಮಾತಾಡಿದೆ. ಹಗುರವಾದರೆ ಚೆನ್ನಾಗಿ ತಿರುಗುತ್ತಾಳೆಂದು ಯಾರೋ ಹೇಳಿದ್ದರಿಂದ ರಾತ್ರಿಯ ಮುದ್ದೆ ನಿಂತುಹೋಗಿತ್ತು. ಹೊಟ್ಟೆಗೆ ಸಾಲದಿದ್ದರೆ ಹೆಣ್ಣುಮಕ್ಕಳಲ್ಲಿ ಋತುಚಕ್ರ ತಡವಾಗುತ್ತದೆ ಅಥವಾ ನಿಲ್ಲುತ್ತದೆ, ಜೊತೆಗೆ ಮೂಳೆಯೂ ಸೊರಗುತ್ತದೆ. ಮುದ್ದೆ, ಹುರುಳಿ ಸಾರು, ಮೊಸರು ಎಲ್ಲವನ್ನೂ ಮತ್ತೆ ಶುರುಮಾಡಿಸಿದೆ.

ಒಂದು ಪುಟ್ಟ ನೋಟುಬುಕ್ಕು ಕೊಟ್ಟು, ಪ್ರತಿ ಇಳಿತಕ್ಕೂ ಒಂದು ಗೆರೆ ಎಳೆಯಲು ಹೇಳಿದ್ದೆ. ಆರು ವಾರಗಳ ನಂತರ ತಂದ ಆ ಪುಸ್ತಕದಲ್ಲಿ ಪೆನ್ಸಿಲ್ ಗೆರೆಗಳು ಐದೈದರ ಕಟ್ಟಾಗಿ ನಿಂತಿದ್ದವು. ಒಂದು ಪುಟದಲ್ಲಿ 14ನೇ ಗೆರೆಯ ಪಕ್ಕ, ‘ಇಲ್ಲಿ ಸ್ವಲ್ಪ ನೋವು, ನಿಲ್ಲಿಸಿದೆ’ ಎಂದು ಅವಳೇ ಬರೆದಿದ್ದಳು. ಅಂದು ಮತ್ತೆ ಅದೇ ಜಾಗವನ್ನು ಒತ್ತಿದಾಗ ಅವಳು ಕಾಲು ಸೆಳೆದುಕೊಳ್ಳಲಿಲ್ಲ.