ಹುಲ್ಲು ಹಾಕಬೇಡಿ, ಗಿಡ ನೆಡಿ: ಮ್ಯೂಲ್ ಡೀರ್ ಬಗ್ಗೆ ಟಿಪ್ಪಣಿ

ಮ್ಯೂಲ್ ಎಂದರೆ ಹೇಸರಗತ್ತೆ. ಕಿವಿ ಹಾಗೇ ಉದ್ದ ಇರುವುದರಿಂದ ಪಶ್ಚಿಮ ಉತ್ತರ ಅಮೆರಿಕದ ಈ ಜಿಂಕೆಗೆ ಆ ಹೆಸರು. ಹಲವು ಕಡೆ ಇದರ ಸಂಖ್ಯೆ ಕುಸಿಯುತ್ತಿದೆ. ಕಾರಣಗಳ ಪಟ್ಟಿ ಉದ್ದವಿದೆ, ಆದರೆ ಊರಿನವರ ಕೈಗೆ ಎಟಕುವುದು ಮುಖ್ಯವಾಗಿ ಎರಡು: ಚಳಿಗಾಲದ ಮೇವು ಮತ್ತು ಬೇಲಿ.

ಮೇವಿನ ವಿಷಯದಲ್ಲಿ ನಾನೇ ಮೊದಲು ತಪ್ಪು ತಿಳಿದಿದ್ದೆ. ಹಿಮ ಬಿದ್ದಾಗ ಹಸಿದ ಜಿಂಕೆಗೆ ಒಣಹುಲ್ಲು ಹಾಕಿದರೆ ಪುಣ್ಯವಲ್ಲವೇ? ಅಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೇವನ್ನು ಜೀರ್ಣಿಸುವುದು ಸೂಕ್ಷ್ಮಜೀವಿಗಳು. ಚಳಿಗಾಲದಲ್ಲಿ ಅವು ಪೊದೆಯ ಎಳೆಕಡ್ಡಿಗಳಿಗೆ ಒಗ್ಗಿರುತ್ತವೆ. ದಿಢೀರನೆ ಒಣಹುಲ್ಲು ಹಾಕಿದರೆ ಹೊಟ್ಟೆ ತುಂಬಿಯೂ ಜಿಂಕೆ ಹಸಿವಿನಿಂದ ಸಾಯಬಹುದು. ಮೆಕ್ಕೆಜೋಳ ಹಾಕಿದರೆ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ಕಾಳಿನ ಮೂಟೆಗೆ ಬಾಯಿ ಹಾಕಿದ ಹಸುವಿನ ಪಾಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಅಪಾಯ, ಮೇವಿನ ರಾಶಿಯ ಸುತ್ತ ಜಿಂಕೆಗಳು ಗುಂಪುಗೂಡುವುದು. 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಸಾಕಿದ ಮ್ಯೂಲ್ ಡೀರ್‌ಗಳಲ್ಲಿ ಮೊದಲು ಕಂಡ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್), ಅಂದರೆ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬಂದು ಪ್ರಾಣಿಯನ್ನು ಸವೆಸುವ ರೋಗ, ಜೊಲ್ಲು ಮತ್ತು ಮಲಮೂತ್ರಗಳಿಂದ ಹರಡುತ್ತದೆ. ಅದಕ್ಕೆ ಮದ್ದಿಲ್ಲ.

ಹಾಗಾಗಿ ಐಡಾಹೊ ರಾಜ್ಯದ ಸ್ವಯಂಸೇವಕರು ಮೇವಿನ ಪೊದೆಗಳನ್ನೇ ಬೆಳೆಸುತ್ತಾರೆ. ಬಾಯ್ಸಿ ನಗರದ ಪಕ್ಕದ ಗುಡ್ಡಗಳು ಜಿಂಕೆಗಳ ಚಳಿಗಾಲದ ತಾಣ. ಅಲ್ಲಿ ಚೀಟ್‌ಗ್ರಾಸ್ ಎಂಬ ಹೊರಗಿನ ಕಳೆ ಬೇಸಿಗೆಗೆ ಮೊದಲೇ ಒಣಗಿ, ಬೆಂಕಿಗೆ ಸೌದೆಯಾಗುತ್ತದೆ. ಜಿಂಕೆಯ ಮೇವಾದ ದೊಡ್ಡ ಸೇಜ್‌ಬ್ರಷ್ ಪೊದೆ ಸುಟ್ಟರೆ ಬುಡದಿಂದ ಮತ್ತೆ ಚಿಗುರುವುದಿಲ್ಲ, ಖಾಲಿ ಜಾಗಕ್ಕೆ ಮತ್ತೆ ಚೀಟ್‌ಗ್ರಾಸೇ ಬರುತ್ತದೆ. 2016ರಲ್ಲಿ ಅಲ್ಲಿನ ಟೇಬಲ್ ರಾಕ್ ಗುಡ್ಡಕ್ಕೆ ಹತ್ತಿದ ಬೆಂಕಿಗೆ ಕಾರಣ ಒಂದು ಪಟಾಕಿ! ಸ್ವಯಂಸೇವಕರು ಬೇಸಿಗೆಯಲ್ಲಿ ಬಿಟರ್‌ಬ್ರಷ್ ಎಂಬ ಮೇವಿನ ಪೊದೆಯ ಬೀಜ ಉದುರಿಸಿ ಕೂಡಿಡುತ್ತಾರೆ, ನರ್ಸರಿಯಲ್ಲಿ ಬೆಳೆದ ಸಸಿಗಳನ್ನು ವಸಂತದ ಹಸಿ ಮಣ್ಣಿಗೆ ನೆಡುತ್ತಾರೆ. (ಇಲಿಗಳೂ ಈ ಬೀಜವನ್ನು ಹೂತಿಟ್ಟು ಮರೆಯುತ್ತವೆ. ಅವೂ ಸ್ವಯಂಸೇವಕರೇ, ಸಂಬಳವಿಲ್ಲ.)

ಇನ್ನು ಬೇಲಿ. ವಯೋಮಿಂಗ್‌ನಲ್ಲಿ ರೆಡ್ ಡೆಸರ್ಟ್‌ನಿಂದ ಹೋಬ್ಯಾಕ್‌ವರೆಗೆ ಸುಮಾರು 240 ಕಿ.ಮೀ. ವಲಸೆ ದಾರಿಯಿದೆ ಎಂದು 2014ರಲ್ಲಿ ವನ್ಯಜೀವಿ ವಿಜ್ಞಾನಿ ಹಾಲ್ ಸಾಯರ್ ವರದಿ ಮಾಡಿದರು. ಆ ದಾರಿಯುದ್ದಕ್ಕೂ ಬೇಲಿಗಳು. ಹಾರುವಾಗ ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ಸಿಕ್ಕರೆ ಅವು ಹೆಣೆದುಕೊಂಡು ಬಿಗಿಯುತ್ತವೆ, ಜಿಂಕೆ ಅಲ್ಲೇ ಜೋತುಬಿದ್ದು ಸಾಯುತ್ತದೆ. ಮರಿಗೆ ಹಾರಲು ಬರದು, ಕೆಳಗೆ ನುಸುಳಬೇಕು. ಅದಕ್ಕೇ ಈ ಅಳತೆ ನೆನಪಿಡಿ: ಮೇಲಿನ ತಂತಿ 42 ಇಂಚು ಮೀರಬಾರದು, ಅದಕ್ಕೂ ಅದರ ಕೆಳಗಿನದಕ್ಕೂ 12 ಇಂಚು ಅಂತರ ಬೇಕು, ತೀರಾ ಕೆಳಗಿನದು ಮುಳ್ಳಿಲ್ಲದ ತಂತಿಯಾಗಿ ನೆಲದಿಂದ 16 ಇಂಚಾದರೂ ಮೇಲಿರಬೇಕು. ಹಳೆ ಮುಳ್ಳುತಂತಿ ಸುತ್ತಿ ತೆಗೆಯುವ ಕೆಲಸಕ್ಕೆ ದಪ್ಪ ಕೈಗವಸು, ಕಟಿಂಗ್ ಪ್ಲೇಯರ್ ಮತ್ತು ಜಮೀನಿನ ಮಾಲೀಕರ ಒಪ್ಪಿಗೆ ಬೇಕು. ಬೇಲಿ ತಿದ್ದಿದ ಫಲ ಅದೇ ವರ್ಷ ಕಾಣುತ್ತದೆ. ನೆಟ್ಟ ಪೊದೆ ಮಾತ್ರ ಹಿಮದ ಮೇಲೆ ತಲೆಯೆತ್ತಿ ಜಿಂಕೆಯ ಬಾಯಿಗೆ ಸಿಗಲು ವರ್ಷಗಳೇ ಹಿಡಿಯುತ್ತವೆ.