ಪಾದದ ನಾಡಿ ಸಿಗುತ್ತದೆ, ಆದರೂ ಬೆರಳು ನೀಲಿ

ರಕ್ತನಾಳದ ಶಸ್ತ್ರಚಿಕಿತ್ಸೆಗೋ ಸ್ಟೆಂಟ್ ಹಾಕಿಸಿಕೊಳ್ಳಲೋ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಹೋಗುವ ಉತ್ತರ ಕನ್ನಡದ ರೋಗಿಗಳು ಕೆಲವೇ ದಿನಗಳಲ್ಲಿ ಊರಿಗೆ ಮರಳುತ್ತಾರೆ. ಹೀಗಾಗಿ ವಾರಗಳ ನಂತರ ತಲೆದೋರುವ ಒಂದು ತೊಡಕು, ಅಂದರೆ ಕೊಲೆಸ್ಟ್ರಾಲ್ ಹರಳುಗಳು ಕಿರುನಾಳಗಳನ್ನು ಕಟ್ಟುವುದು (ಕೊಲೆಸ್ಟ್ರಾಲ್ ಎಂಬಾಲಿಸಮ್), ಶಿರಸಿ, ಕುಮಟಾ, ಕಾರವಾರದ ವೈದ್ಯರ ಮುಂದೆಯೇ ಮೊದಲು ಬಂದು ನಿಲ್ಲುತ್ತದೆ.

ವಯಸ್ಸು, ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಮಹಾಪಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ಪದರ ಕಟ್ಟಿಕೊಂಡಿರುತ್ತದೆ. ರಕ್ತನಾಳದ ಚಿತ್ರ ತೆಗೆಯುವ ಆ್ಯಂಜಿಯೋಗ್ರಾಮ್‌ನ ಕ್ಯಾಥೆಟರ್ (ಸಣ್ಣ ಕೊಳವೆ) ಅದನ್ನು ಸವರಿದಾಗ ಅಥವಾ ಶಸ್ತ್ರಚಿಕಿತ್ಸಕರು ನಾಳಕ್ಕೆ ಕ್ಲಾಂಪ್ ಹಾಕಿದಾಗ ಪದರ ಒಡೆದು, ಒಳಗಿನ ಕೊಲೆಸ್ಟ್ರಾಲ್ ಹರಳುಗಳು ರಕ್ತದೊಡನೆ ಸಾಗಿ, ಬೆರಳು, ಚರ್ಮ, ಮೂತ್ರಪಿಂಡಗಳ 100ರಿಂದ 200 ಮೈಕ್ರಾನ್ ಅಗಲದ ಕಿರುನಾಳಗಳಲ್ಲಿ ಸಿಲುಕಿಕೊಳ್ಳುತ್ತವೆ. ಸಿಲುಕಿದ ಹರಳು ದಾರಿಯನ್ನು ಮುಚ್ಚುವುದಷ್ಟೇ ಅಲ್ಲ, ಸುತ್ತಲೂ ಉರಿಯೂತವನ್ನು ಎಬ್ಬಿಸಿ ವಾರಗಟ್ಟಲೆ ಹಾನಿ ಮಾಡುತ್ತಿರುತ್ತದೆ.

ಅಡಿಕೆ ತೋಟದ ಹಿರಿಯರೊಬ್ಬರು ಇಂಥದೇ ಚಿಕಿತ್ಸೆಯ ಬಳಿಕ ಬಂದಿದ್ದರು. ಎರಡು ಬೆರಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಮುಟ್ಟಿದರೆ ನೋವು. "ತೋಟದಲ್ಲಿ ಕಲ್ಲು ಎಡವಿರಬೇಕು ಡಾಕ್ಟ್ರೇ" ಎಂದರು. ಪಾದದ ಮೇಲಿನ ನಾಡಿ ಚೆನ್ನಾಗಿಯೇ ಬಡಿಯುತ್ತಿತ್ತು. ಆದರೆ ತೊಡೆಯ ಚರ್ಮದ ಮೇಲೆ ಬಲೆಯಂತೆ ಹೆಣೆದ ನೀಲಿಗೆಂಪು ಗೆರೆಗಳಿದ್ದವು ಮತ್ತು ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು. ನಾಡಿ ಸಿಕ್ಕಿತೆಂದು ಸಮಾಧಾನಪಟ್ಟುಕೊಳ್ಳುವುದೇ ಇಲ್ಲಿನ ದೊಡ್ಡ ಅಪಾಯ, ಏಕೆಂದರೆ ಈ ತೊಡಕಿನಲ್ಲಿ ದೊಡ್ಡ ನಾಳ ತೆರೆದೇ ಇರುತ್ತದೆ.

ಮೂತ್ರಪಿಂಡದ ವಿಷಯದಲ್ಲಂತೂ ಕಾಲಗಣನೆ ಬಹಳ ಮುಖ್ಯ. ಆ್ಯಂಜಿಯೋಗ್ರಾಮ್‌ನಲ್ಲಿ ನಾಳಗಳು ಕಾಣಲೆಂದು ಚುಚ್ಚುವ ಔಷಧದಿಂದಾಗುವ ತೊಂದರೆಯಲ್ಲಿ ಕ್ರಿಯಾಟಿನಿನ್ ಎರಡು-ಮೂರು ದಿನಗಳೊಳಗೆ ಏರಿ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಹರಳಿನಿಂದಾದದ್ದು ಹೆಚ್ಚಾಗಿ ವಾರಗಳ ಅವಧಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬಿಡುಗಡೆಯ ದಿನದ ರಿಪೋರ್ಟ್ ಸರಿಯಿದ್ದರೂ ಅದನ್ನು ನಂಬಿ ಕೂರುವಂತಿಲ್ಲ. ರಕ್ತದಲ್ಲಿ ಇಯೊಸಿನೋಫಿಲ್ ಎಂಬ ಬಗೆಯ ಬಿಳಿ ಕಣಗಳು ಹೆಚ್ಚಿದ್ದರೆ ಅನುಮಾನ ಬಲಗೊಳ್ಳುತ್ತದೆ.

ಈ ಹರಳನ್ನು ಕರಗಿಸುವ ಔಷಧವಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ರಕ್ತದೊತ್ತಡದ ಹತೋಟಿ, ಪಾದದ ಆರೈಕೆ, ಅಗತ್ಯ ಬಿದ್ದರೆ ಡಯಾಲಿಸಿಸ್, ಅನಿವಾರ್ಯವಲ್ಲದ ಮತ್ತೊಂದು ಕ್ಯಾಥೆಟರ್ ಪರೀಕ್ಷೆಯನ್ನು ತಪ್ಪಿಸುವುದು, ಇಷ್ಟೇ ನಮ್ಮ ಕೈಯಲ್ಲಿರುವುದು. ಬೆರಳು ನೀಲಿಯಾಯಿತೆಂದು ಬಿಸಿನೀರಿನಲ್ಲಿ ಅದ್ದಬಾರದು. ಸ್ಟೆಂಟ್‌ಗೆಂದು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೂಬಾರದು. ಕ್ರಿಯಾಟಿನಿನ್ ಪರೀಕ್ಷೆಗೆ ಘಟ್ಟ ಇಳಿಯಬೇಕಿಲ್ಲ, ಶಿರಸಿಯಲ್ಲೇ ಆಗುತ್ತದೆ. ಬಿಡುಗಡೆಯಾದ ಮೊದಲ ಎರಡು ತಿಂಗಳಲ್ಲಿ ಅದನ್ನು ಒಂದೆರಡು ಬಾರಿ ಮಾಡಿಸಿ, ಡಿಸ್ಚಾರ್ಜ್ ಕಾಗದದೊಂದಿಗೆ ನಿಮ್ಮ ವೈದ್ಯರಿಗೆ ತೋರಿಸಿ, ಸಾಕ್ಸ್ ಬಿಚ್ಚಿ ಬೆರಳುಗಳನ್ನೂ ನೋಡಲು ಹೇಳಿ.